ಹುಡುಗರ ಸಮಕ್ಕೆ ಓಡಲಾಗದ ಹುಡುಗಿ ಸೈನ್ಯದ ಆಸೆ ಬಿಡಬೇಕೇ?

ಹುಡುಗರಿಗೆ ಸಮನಾಗದಿದ್ದರೆ ಹೆಣ್ಣು ಗಂಡು ಕೂಡಿದ ತುಕಡಿಯಲ್ಲಿ ಉಳಿಯಲಾಗದು, ಸೈನ್ಯದ ಆಸೆ ಬಿಡಲೇ ಎಂದು ಕೇಳಿದ್ದೀರಿ. ನಿಮ್ಮ ಪ್ರಶ್ನೆಯಲ್ಲಿ ನನ್ನ ಇಪ್ಪತ್ತನೆಯ ವಯಸ್ಸೇ ಕಾಣುತ್ತಿದೆ. 2021ರ ಮೇ ತಿಂಗಳಲ್ಲಿ ಸೇನೆಯೊಳಗೆ ಶಿಸ್ತು ಕಾಯುವ ಮಿಲಿಟರಿ ಪೊಲೀಸ್ ಪಡೆಯ ಮೊದಲ ಮಹಿಳಾ ತಂಡದ 83 ಮಂದಿ ಬೆಂಗಳೂರಿನಲ್ಲಿ ತರಬೇತಿ ಮುಗಿಸಿದ ಸುದ್ದಿ ಓದಿದ್ದೆ. ಲಾಕ್‌ಡೌನ್ ಸಡಿಲವಾದ ಕೂಡಲೇ, ಚಿಕ್ಕಬಳ್ಳಾಪುರದಲ್ಲಿ ಸೇನಾ ಭರ್ತಿಗೆ ಓಡುತ್ತಿದ್ದ ನಮ್ಮ ಬೀದಿಯ ಹುಡುಗರನ್ನು ಸೇರಿಕೊಂಡೆ.

ಭರ್ತಿಯ 1.6 ಕಿಲೋಮೀಟರ್ ಓಟದಲ್ಲಿ ಅತಿ ವೇಗದವರ ಮೊದಲ ಗುಂಪಿಗೆ ಬರಲು ಅವರಿಗೆ 5 ನಿಮಿಷ 30 ಸೆಕೆಂಡು, ನನಗೆ 7 ನಿಮಿಷ 30 ಸೆಕೆಂಡು ಸಾಕಾಗಿತ್ತು. ಆದರೂ ನಾನು ಅವರ ಗಡಿಯಾರವನ್ನೇ ಹಿಡಿದೆ. ಅದಕ್ಕಿಂತ ದೊಡ್ಡ ತಪ್ಪು ಮರಳಿನ ಚೀಲದ್ದು. ಇದನ್ನು ವಿವರವಾಗಿಯೇ ಹೇಳಬೇಕು. ನಂದಿ ಬೆಟ್ಟದ ಮೆಟ್ಟಿಲುಗಳನ್ನು ಹುಡುಗರು 18 ಕಿಲೋ ಹೊತ್ತು ಹತ್ತುತ್ತಿದ್ದರು. 65 ಕಿಲೋ ತೂಕದ ಹುಡುಗನಿಗೆ ಅದು ಮೈತೂಕದ ಕಾಲು ಭಾಗಕ್ಕಿಂತ ತುಸು ಹೆಚ್ಚು. 46 ಕಿಲೋ ಇದ್ದ ನನಗೆ ಸುಮಾರು ಐದರಲ್ಲಿ ಎರಡು ಪಾಲು. ನಾನು ಖಾಲಿ ಬೆನ್ನಿನಿಂದ 18 ಕಿಲೋಗೆ ಹೋದದ್ದು ಒಂದೇ ವಾರದಲ್ಲಿ. ಸ್ನಾಯು ಬೇಗ ಒಗ್ಗಿಕೊಳ್ಳುತ್ತದೆ, ಎಲುಬು ಒಗ್ಗಲು ತಿಂಗಳುಗಳೇ ಬೇಕು. ಆದ್ದರಿಂದ ಮೈ ಗಟ್ಟಿಯಾಗುತ್ತಿದೆ ಎಂದು ನಾನು ಹಿಗ್ಗುತ್ತಿದ್ದಾಗಲೇ ಎಲುಬು ಸವೆಯುತ್ತಿತ್ತು. ಹಗುರವಾಗಿ ಓಡಬೇಕೆಂದು ರಾತ್ರಿಯ ಮುದ್ದೆ ಬಿಟ್ಟೆ. ಮೂರು ತಿಂಗಳು ಮುಟ್ಟು ನಿಂತಿತು. ದೇಹಕ್ಕೆ ಆಹಾರ ಸಾಲದೆ ಹಾಗಾಗುತ್ತದೆ, ಅದರಿಂದ ಎಲುಬೂ ದುರ್ಬಲವಾಗುತ್ತದೆ ಎಂಬುದನ್ನು ಅರಿಯದೆ, ಓಟಕ್ಕೆ ಅನುಕೂಲವಾಯಿತೆಂದುಕೊಂಡೆ. ಮೊಣಕಾಲಿನ ಕೆಳಗೆ ಒಂದೇ ಜಾಗದಲ್ಲಿ ನೋವು ಶುರುವಾದಾಗ ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಅತಿಯಾದ ಶ್ರಮದಿಂದ ಎಲುಬಿನಲ್ಲಿ ಬೀಳುವ ಸಣ್ಣ ಬಿರುಕು ಮೊದಮೊದಲು ಎಕ್ಸ್‌ರೇಗೆ ಸಿಗದಿರುವುದು ಸಾಮಾನ್ಯವೆಂದು ತಿಳಿಯದೆ ಇನ್ನೂ ಹದಿನೈದು ದಿನ ಓಡಿದೆ. ಭರ್ತಿಯ ದಿನ ನಾನು ಊರುಗೋಲು ಹಿಡಿದಿದ್ದೆ. ಮತ್ತೆ ಆ ಅವಕಾಶ ನನಗೆ ಸಿಗಲಿಲ್ಲ.

ಆದ್ದರಿಂದ, ಹುಡುಗರಿಗೆ ಸಮನಾದರೆ ಮಾತ್ರ ಮಿಶ್ರ ತುಕಡಿಯಲ್ಲಿ ಉಳಿಯಬಹುದು ಎಂಬ ನಿಮ್ಮ ನಂಬಿಕೆಯನ್ನು ನಾನು ಒಪ್ಪುವುದಿಲ್ಲ. ಚೆನ್ನೈನಲ್ಲಿರುವ ಸೇನಾ ಅಧಿಕಾರಿಗಳ ತರಬೇತಿ ಅಕಾಡೆಮಿಯಲ್ಲಿ ಹೆಣ್ಣು ಗಂಡು ಒಟ್ಟಿಗೇ ತರಬೇತಿ ಪಡೆಯುತ್ತಾರೆ. ಹೊರಬೇಕಾದ ಸಾಮಾನು ಯಾರು ಹೊತ್ತರೂ ಅಷ್ಟೇ ಭಾರವಿರುತ್ತದೆ, ನಿಜ; ಹಾಗಿರುವುದರಿಂದಲೇ ಆ ಭಾರಕ್ಕೆ ನಿಮ್ಮ ಎಲುಬನ್ನು ನಿಧಾನವಾಗಿ ಸಿದ್ಧಪಡಿಸಬೇಕು. ಈಗ ನಾನು ಶಿಡ್ಲಘಟ್ಟದ ಬಳಿ ದೈಹಿಕ ಶಿಕ್ಷಣ ಶಿಕ್ಷಕಿ. ನನ್ನಲ್ಲಿಗೆ ಬರುವ ಹೆಣ್ಣುಮಕ್ಕಳ ಚೀಲ 4 ಕಿಲೋದಿಂದ ಶುರುವಾಗುತ್ತದೆ, ಹದಿನೈದು ದಿನಕ್ಕೆ 1 ಕಿಲೋ ಮಾತ್ರ ಏರುತ್ತದೆ, ಮುಟ್ಟು ತಪ್ಪಿದವಳು ಚೀಲ ಇಳಿಸಿ ಮೊದಲು ವೈದ್ಯರನ್ನು ಕಾಣುತ್ತಾಳೆ. ನೀವು ಈ ವಾರ ರಕ್ತ ಪರೀಕ್ಷೆ ಮಾಡಿಸಿ ಹಿಮೋಗ್ಲೋಬಿನ್ ಎಷ್ಟಿದೆ ನೋಡಿಕೊಳ್ಳಿ. ರಾತ್ರಿಯ ಊಟ ಬಿಡಬೇಡಿ.