ಹಸು ಕಂದು ಹಾಕಿದ್ಮೇಲೆ ಮನೆಯವರಿಗೆ ಜ್ವರ

ಪ್ರಶ್ನೆ: ಡಾಕ್ಟ್ರೇ, ನಮ್ಮ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ತಳಿ) ಹಸು 7 ತಿಂಗಳ ಗಬ್ಬ ಇತ್ತು, ಒಂದೂವರೆ ತಿಂಗಳ ಹಿಂದೆ ಕಂದು ಹಾಕ್ತು, ಅಂದ್ರೆ ಗರ್ಭಪಾತ ಆಯ್ತು. ಕಸ (ಮಾಸು) ಬೀಳ್ಲಿಲ್ಲ ಅಂತ ನಮ್ಮನೆಯವ್ರು ಬರಿಗೈಲೇ ಎಳೆದು ತೆಗೆದ್ರು. ಈಗ ಅವ್ರಿಗೆ ಸಂಜೆ ಆದ್ರೆ ಜ್ವರ, ರಾತ್ರಿ ಬನಿಯನ್ ಹಿಂಡೋ ಹಾಗೆ ಬೆವರು, ಸೊಂಟ ನೋವು. ಟೈಫಾಯ್ಡ್ ಅಂತ ಮಾತ್ರೆ ಕೊಟ್ರು, ಆದ್ರೂ ಬಿಟ್ಟು ಬಿಟ್ಟು ಬರ್ತಿದೆ. ಹಸುವಿಂದ ಬಂತಾ? ಹಾಲು ಕುಡೀಬಹುದಾ? ಹಸು ಮಾರಿಬಿಡಿ ಅಂತಾರೆ ಎಲ್ರೂ.
— ಓದುಗರೊಬ್ಬರು, ತಿಪಟೂರು ತಾಲೂಕು

ಉತ್ತರ: ಅಮ್ಮಾ, ನೀವು ಬರೆದಿರೋದು ನೋಡಿದ್ರೆ ನನಗೆ ಮೊದಲು ಬರೋ ಅನುಮಾನ ಬ್ರುಸೆಲ್ಲೋಸಿಸ್, ನಮ್ ಕಡೆ ಕಂದು ರೋಗ ಅಂತೀವಲ್ಲ ಅದು. ಈ ಕಾಯಿಲೆ ಇರೋ ಹಸುಗಳು 5 ತಿಂಗಳು ದಾಟಿದ್ಮೇಲೇ ಕಂದು ಹಾಕೋದು ಜಾಸ್ತಿ, ಕಸನೂ ನಿಂತ್ಕೊಳುತ್ತೆ, ಆ ಕಸದಲ್ಲಿ, ಸತ್ತ ಕರುವಲ್ಲಿ, ಸುರಿಯೋ ನೀರಲ್ಲಿ ಬ್ಯಾಕ್ಟೀರಿಯಾ ತುಂಬಿರುತ್ತೆ. ಹುಲ್ಲು ಕೊಯ್ದು ಬೆರಳಲ್ಲಿ ಸಣ್ಣ ಗೀರು ಇದ್ರೂ ಸಾಕು ಒಳಗೆ ಹೋಗೋಕೆ.

ನಾಳೆಯೇ ಅವ್ರನ್ನ ಫಿಸಿಷಿಯನ್ ಹತ್ರ ಕರ್ಕೊಂಡು ಹೋಗಿ. ಹಸು ಕಂದು ಹಾಕಿದ್ದು, ಕೈ ಹಾಕಿದ್ದು ನೀವಾಗೇ ಹೇಳಿ, ನೀವು ಹೇಳ್ದೆ ಡಾಕ್ಟ್ರಿಗೆ ಗೊತ್ತಾಗಲ್ಲ, ಬ್ರುಸೆಲ್ಲಾ ರಕ್ತ ಪರೀಕ್ಷೆ ಮಾಡಿಸಿ ಅಂತ ಕೇಳಿ. ಇದೇ ಅಂತಾದ್ರೆ ಸಾಮಾನ್ಯವಾಗಿ ಎರಡು ಥರ ಆಂಟಿಬಯಾಟಿಕ್ 6 ವಾರ ಕೊಡ್ತಾರೆ. ವಾರಕ್ಕೇ ಜ್ವರ ಬಿಡ್ತು ಅಂತ ಮಾತ್ರೆ ನಿಲ್ಲಿಸಿದ್ರೆ ತಿರುಗಿ ಬರುತ್ತೆ, ಕೀಲಿಗೆ, ಬೆನ್ನುಮೂಳೆಗೆ ಇಳಿಯುತ್ತೆ.

ಹಾಲು ಚೆನ್ನಾಗಿ ಉಕ್ಕಿಸಿ ಕಾಯಿಸಿದ್ರೆ ಭಯ ಇಲ್ಲ. ಹಸಿಹಾಲು ಮಾತ್ರ ಮಕ್ಕಳಿಗೂ ಬೇಡ, ದೊಡ್ಡೋರಿಗೂ ಬೇಡ. ಮನೇಲಿ ಬಸುರಿ ಇದ್ರೆ ಕೊಟ್ಟಿಗೆ ಕೆಲಸಕ್ಕೆ ಬಿಡ್ಬೇಡಿ.

ಹಸು ಮಾರೋ ವಿಷಯ. ದಯವಿಟ್ಟು ಬೇಡ ಅಮ್ಮಾ, ಕೈ ಮುಗಿದು ಕೇಳ್ತೀನಿ. ಮೊದಲು ಪಶು ಆಸ್ಪತ್ರೇಲಿ ರಕ್ತ ಟೆಸ್ಟ್ ಮಾಡ್ಸಿ. ಪಾಸಿಟಿವ್ ಬಂದ್ರೆ ಹಸುಗೆ ವಾಸಿ ಮಾಡೋ ಔಷಧಿ ಇಲ್ಲ, ಮುಂದೆ ಸರಿಯಾಗಿ ಕರು ಹಾಕಿದ್ರೂ ರೋಗ ಹರಡ್ತಾನೇ ಇರುತ್ತೆ, ನೀವು ಸಂತೇಲಿ ಮಾರಿದ್ರೆ ಇನ್ನೊಬ್ಬರ ಮನೇಲೂ ಇದೇ ಕಥೆ. ಬೇರೆ ಕಟ್ಟಿ, ಹೋರಿಗೆ ಬಿಡ್ಬೇಡಿ. ನಷ್ಟ ಆಗುತ್ತೆ, ಗೊತ್ತು, ಒಂದು ಹಸು ಅಂದ್ರೆ ಮನೆಯ ತಿಂಗಳ ಖರ್ಚೇ.

ಹೆಣ್ಣುಕರು ಇದ್ರೆ 4ರಿಂದ 8 ತಿಂಗಳೊಳಗೆ ಲಸಿಕೆ ಹಾಕ್ಸಿ. 2019ರಿಂದ ಕೇಂದ್ರದ ಯೋಜನೇಲಿ ಉಚಿತ, ಜೀವಮಾನಕ್ಕೆ ಒಂದೇ ಸಲ. ಅದು ಜೀವಂತ ಲಸಿಕೆ, ಗಂಡುಕರುಗೂ ಗಬ್ಬದ ಹಸುಗೂ ಹಾಕಲ್ಲ, ಹಾಕೋರಿಗೂ ಸೂಜಿ ಚುಚ್ಚಬಾರದು, ಅದಕ್ಕೇ ಕರುನ ಗಟ್ಟಿಯಾಗಿ ಹಿಡ್ಕೊಳ್ಳಿ.

ಇನ್ನೊಂದ್ಸಲ ಯಾವ ಹಸು ಕಂದು ಹಾಕಿದ್ರೂ ಕಸ, ಕರು ತಿಪ್ಪೆಗೆ ಎಸೀಬೇಡಿ, ನಾಯಿ ಎಳ್ಕೊಂಡು ಊರೆಲ್ಲಾ ಹಂಚುತ್ತೆ. ಗ್ಲೌಸ್ ಹಾಕ್ಕೊಂಡು ಆಳ ಗುಂಡಿಲಿ ಸುಣ್ಣ ಹಾಕಿ ಮುಚ್ಚಿ. ಕಸ ನಿಂತ್ರೆ ಪಶು ವೈದ್ಯರನ್ನ ಕರೀರಿ, ನೀವು ಕೈ ಹಾಕ್ಬೇಡಿ.