ಸಾರಿಗೆ ಎಷ್ಟು ಬೇಳೆ ಬೀಳುತ್ತಿದೆ ಎಂದು ಮೊದಲು ತೂಗಿ ನೋಡಿ

ಅನ್ನ, ಮುದ್ದೆ, ಚಪಾತಿ ಬಿಟ್ಟಿದ್ದೇನೆ, ಮೊಟ್ಟೆ ತಿನ್ನುವುದಿಲ್ಲ, ದಿನಕ್ಕೆ 20 ಗ್ರಾಂ ಕಾರ್ಬೋಹೈಡ್ರೇಟ್ ದಾಟಬಾರದು, ಯಾವ ಪ್ರೋಟೀನ್ ಪುಡಿ ಕೊಳ್ಳಲಿ ಎಂದು ಕೇಳಿದ್ದೀರಿ. ನಾಲ್ಕು ವರ್ಷದ ಹಿಂದೆ ನಾನೇ ಕೇಳಿದ ಪ್ರಶ್ನೆಯಂತಿದೆ.

ನಾನು ತುಮಕೂರಿನಲ್ಲಿ ಪ್ರೌಢಶಾಲೆಯ ಗಣಿತದ ಮೇಷ್ಟ್ರು. ಇದನ್ನು ಮೊದಲೇ ಹೇಳುತ್ತಿದ್ದೇನೆ, ಏಕೆಂದರೆ ನಾನು ಕೆಟ್ಟದ್ದು ಲೆಕ್ಕದಲ್ಲಿಯೇ. ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) 6.2 ಬಂದಿತ್ತು, ಮಧುಮೇಹದ ಹೊಸ್ತಿಲು. ತೂಕ 78 ಕಿಲೋ. ಅನ್ನ ನಿಲ್ಲಿಸಿದ ಮೊದಲ ವಾರಕ್ಕೇ ಎರಡು ಕಿಲೋ ಇಳಿಯಿತು; ಶಿಕ್ಷಕರ ಕೊಠಡಿಯಲ್ಲಿ ಸಿಕ್ಕವರಿಗೆಲ್ಲ ಉಪದೇಶ ಮಾಡಿದೆ. ಇಳಿದದ್ದು ಬಹುಪಾಲು ನೀರು. ದೇಹ ಕೂಡಿಟ್ಟ ಸಕ್ಕರೆಯ ದಾಸ್ತಾನು, ಅಂದರೆ ಗ್ಲೈಕೋಜನ್, ಖರ್ಚಾದಾಗ ಅದು ಹಿಡಿದಿಟ್ಟ ನೀರೂ ಹೊರಟುಹೋಗುತ್ತದೆ, ಜೊತೆಗೆ ಉಪ್ಪು. ನಾನೋ ಅದೇ ವಾರ ಉಪ್ಪನ್ನೂ ಕಡಿಮೆ ಮಾಡಿದ್ದೆ. ರಾತ್ರಿ ಮೀನಖಂಡ ಹಿಡಿದು ಎದ್ದು ಕೂರುತ್ತಿದ್ದೆ.

ಅದು ಸಣ್ಣ ಪೆಟ್ಟು. ದೊಡ್ಡದು ಇದು: ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹೇಳುವ ಪ್ರಕಾರ ದೇಹದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. ನನಗೆ 65 ಗ್ರಾಂ. ತೊಗರಿಬೇಳೆಯ ಪೊಟ್ಟಣದ ಮೇಲೆ 100 ಗ್ರಾಂಗೆ 22 ಎಂದು ಅಚ್ಚಾಗಿತ್ತು. ಬಟ್ಟಲು ಸಾರನ್ನು ತಕ್ಕಡಿಯ ಮೇಲಿಟ್ಟೆ, 100 ಗ್ರಾಂ ತೋರಿಸಿತು. ಪುಸ್ತಕದಲ್ಲಿ 22 ಎಂದು ಬರೆದೆ. ಎರಡು ಬಟ್ಟಲಿಗೆ 44. ಮೊಳಕೆ ಹೆಸರುಕಾಳು 100 ಗ್ರಾಂ, ಇನ್ನೊಂದು 22. ಒಟ್ಟು 66. ಕೆಂಪು ಶಾಯಿಯಲ್ಲಿ ಸರಿ ಗುರುತು ಹಾಕಿ ಮಲಗುತ್ತಿದ್ದೆ.

ಮೂರು ತಿಂಗಳು ಹೀಗೆ ನಡೆಯಿತು. ಕೂದಲು ಬಚ್ಚಲಲ್ಲಿ ಗೊಂಚಲು ಗೊಂಚಲಾಗಿ ಸಿಗತೊಡಗಿತು. ಎರಡನೇ ಮಹಡಿಯ ತರಗತಿಗೆ ಹತ್ತುವಷ್ಟರಲ್ಲಿ ಪಾಠ ಶುರು ಮಾಡಲು ಉಸಿರಿರುತ್ತಿರಲಿಲ್ಲ. ಒಂದು ದಿನ ಅಮ್ಮ ನನ್ನ ಪುಸ್ತಕ ನೋಡಿ, ಬೇಳೆಯ ಡಬ್ಬಿಗೆ ಕೈಹಾಕಿ ಎರಡು ಹಿಡಿ ತೆಗೆದು ತೋರಿಸಿದರು. "ನಾಲ್ಕು ಜನಕ್ಕೆ ನಾನು ಹಾಕುವುದೇ ಇಷ್ಟು. ನಿನ್ನೊಬ್ಬನ ಬಟ್ಟಲಿಗೆ ಅಷ್ಟೊಂದು ಎಲ್ಲಿಂದ ಬಂತು?" ತೂಗಿದೆವು: 80 ಗ್ರಾಂ. ತಲೆಗೆ 20 ಗ್ರಾಂ ಒಣಬೇಳೆ, ಪ್ರೋಟೀನ್ ನಾಲ್ಕೂವರೆ ಗ್ರಾಂ. ಪೊಟ್ಟಣ ಹೇಳುವುದು ಒಣಬೇಳೆಯ ಲೆಕ್ಕ. ನಾನು ತೂಗಿದ್ದು ನೀರನ್ನು. ಅದರಲ್ಲೂ ನಾನು ಕುಡಿಯುತ್ತಿದ್ದದ್ದು ಮೇಲಿನ ತಿಳಿ, ಬೇಳೆ ತಳದಲ್ಲಿ ಉಳಿದವರ ಪಾಲಾಗುತ್ತಿತ್ತು. ಮೊಳಕೆ ಕಾಳೂ ಅಷ್ಟೇ, ನೀರು ಕುಡಿದು ತೂಕ ಹೆಚ್ಚಿಸಿಕೊಂಡಿರುತ್ತದೆ, ಪ್ರೋಟೀನನ್ನಲ್ಲ. ಎಲೆಕೋಸಿನ ಪಲ್ಯ, ಸೌತೆಕಾಯಿ, ತುಪ್ಪ ಎಲ್ಲ ಸೇರಿಸಿದರೂ ದಿನಕ್ಕೆ 30 ಗ್ರಾಂ ಮುಟ್ಟುತ್ತಿರಲಿಲ್ಲ. ಹತ್ತನೇ ತರಗತಿಯ ಹುಡುಗ ಇಂಥ ತಪ್ಪು ಮಾಡಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ.

ರಕ್ತದಲ್ಲಿ ವಿಟಮಿನ್ ಬಿ12 ಕೂಡ ಪಾತಾಳದಲ್ಲಿತ್ತು. ಅದು ಮೂರು ತಿಂಗಳಲ್ಲಿ ಆದದ್ದಲ್ಲ, ಯಕೃತ್ತು ವರ್ಷಗಟ್ಟಲೆ ಅದನ್ನು ಕೂಡಿಟ್ಟುಕೊಂಡಿರುತ್ತದೆ. ಆದರೆ ಸಕ್ಕರೆ ಅಂಶವಿದೆ ಎಂದು ನಾನು ಹಾಲು ಮೊಸರನ್ನೂ ಬಿಟ್ಟಿದ್ದೆ. ಮೊಟ್ಟೆ ಮುಟ್ಟದ ನಮ್ಮಂಥವರಿಗೆ ಊಟದಿಂದ ಬಿ12 ಸಿಗುವ ಬಾಗಿಲು ಬಹುಪಾಲು ಅದೊಂದೇ. ಸೊಪ್ಪಿನಲ್ಲಿ ಎಷ್ಟು ಹುಡುಕಿದರೂ ಇಲ್ಲ. ನೀವು ಪುಡಿ ಕೊಳ್ಳುವ ದುಡ್ಡಿನಲ್ಲಿ ಮೊದಲು ಆ ಪರೀಕ್ಷೆ ಮಾಡಿಸಿ.

ನಿಮ್ಮ 20 ಗ್ರಾಂ ಮಿತಿಯನ್ನು ನಾನು ಒಪ್ಪುವುದಿಲ್ಲ. ಮಾಂಸ ಮೊಟ್ಟೆ ತಿನ್ನುವವರಿಗೆ ಅದು ನಡೆದೀತು. ನಮ್ಮ ಪ್ರೋಟೀನ್ ಬರುವುದೇ ಬೇಳೆಕಾಳಿನೊಳಗೆ ಕಾರ್ಬೋಹೈಡ್ರೇಟ್ ಜೊತೆ ಅಂಟಿಕೊಂಡು. 20ಕ್ಕೆ ನಿಲ್ಲಬೇಕೆಂದರೆ ಕಾಳನ್ನೇ ಎಸೆಯಬೇಕು. ಅನ್ನ ಎಸೆಯಿರಿ, ಕಾಳನ್ನಲ್ಲ. ನಾನೀಗ ಒಣಗಿದ್ದಾಗಲೇ ತೂಗುತ್ತೇನೆ: 40 ಗ್ರಾಂ ಹೆಸರುಕಾಳಿನ ದೋಸೆ, 40 ಗ್ರಾಂ ತೊಗರಿಯ ಗಟ್ಟಿ ಬೇಳೆ, 30 ಗ್ರಾಂ ಸೋಯಾ ತುಣುಕು, 100 ಗ್ರಾಂ ಪನೀರ್, 200 ಗ್ರಾಂ ಮೊಸರು, ಒಂದು ಹಿಡಿ ಕಡಲೆಕಾಯಿ. ಪ್ರೋಟೀನ್ 65ರ ಹತ್ತಿರ ಬರುತ್ತದೆ. ದಂಟಿನ ಸೊಪ್ಪಿಗೆ ನಿಂಬೆ ಹಿಂಡುತ್ತೇನೆ, ಕಬ್ಬಿಣದ ಅಂಶ ಹಿಡಿಯಲಿ ಎಂದು. ಊಟದ ಹಿಂದೆಯೇ ಚಹಾ ಕುಡಿಯುವುದಿಲ್ಲ. ರಾತ್ರಿ ನಿಂಬೆಗಾತ್ರದ ಮುದ್ದೆಯೂ ಉಂಟು. ಮುದ್ದೆ ಎಷ್ಟು ತಿಂದರೂ ಸಕ್ಕರೆ ಏರುವುದಿಲ್ಲ ಎನ್ನುವ ನಮ್ಮೂರಿನವರನ್ನು ನಂಬಬೇಡಿ, ರಾಗಿಯಲ್ಲಿ ಅಕ್ಕಿಗಿಂತ ಕಾರ್ಬೋಹೈಡ್ರೇಟ್ ತುಸುವೇ ಕಡಿಮೆ. ನಾನು ತಿನ್ನುವುದು ಅದರ ಕ್ಯಾಲ್ಸಿಯಂಗಾಗಿ, ಮತ್ತೆ ಮುದ್ದೆಯಿಲ್ಲದೆ ಬಸ್ಸಾರು ಉಣ್ಣಲು ಬಾರದ್ದರಿಂದ. ಎಲ್ಲ ಸೇರಿ ದಿನಕ್ಕೆ ಕಾರ್ಬೋಹೈಡ್ರೇಟ್ 90 ಗ್ರಾಂ ಆಸುಪಾಸು. ಎಚ್‌ಬಿಎ1ಸಿ ಈಗ 5.6.

ನೀವು ಸಕ್ಕರೆ ಕಾಯಿಲೆಯ ಮಾತ್ರೆ ನುಂಗುತ್ತಿದ್ದರೆ ವೈದ್ಯರಿಗೆ ಹೇಳದೆ ಅನ್ನ ಬಿಡಬೇಡಿ, ಕೆಲವು ಮಾತ್ರೆಗಳು ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸುತ್ತವೆ.

ಇವತ್ತು ರಾತ್ರಿಯ ಸಾರಿಗೆ ಹಾಕುವ ಮುನ್ನ ಬೇಳೆಯನ್ನು ತೂಗಿ, ಉಣ್ಣುವವರ ಸಂಖ್ಯೆಯಿಂದ ಭಾಗಿಸಿ. ಬಂದ ಉತ್ತರವನ್ನು ಇಲ್ಲಿ ಕೆಳಗೆ ಬರೆಯಿರಿ. ಪುಡಿಯ ಮಾತು ಆಮೇಲೆ ಆಡೋಣ.