ಹಳೆ ಕಾರಿನಲ್ಲಿ ಡಿಎಬಿ ರೇಡಿಯೋ ಕಡಿದು ಕಡಿದು ಬರುತ್ತಿದ್ದರೆ

ಬರ್ಮಿಂಗ್‌ಹ್ಯಾಮ್‌ನಲ್ಲಿ ನಿಮ್ಮ 2008ರ ಕಾರಿಗೆ ಹಾಕಿದ ಡಿಎಬಿ (ಡಿಜಿಟಲ್ ರೇಡಿಯೋ) ಅಡಾಪ್ಟರ್ ಕಡಿದು ಕಡಿದು ಹಾಡುತ್ತಿದೆ, ವಾಪಸ್ ಕಳಿಸಲೇ ಎಂದು ಕೇಳಿದ್ದೀರಿ. ಕಾರಣ ಬಹುಶಃ ಗಾಜಿಗೆ ಅಂಟಿಸಿದ ಆಂಟೆನಾದ ಅರ್ತಿಂಗ್, ಅಂದರೆ ಕಾರಿನ ಲೋಹಕ್ಕೆ ಅದರ ಜೋಡಣೆ, ಸರಿಯಿಲ್ಲದಿರುವುದು. ಅಡಾಪ್ಟರ್ ವಾಪಸ್ ಕಳಿಸಲು ಆತುರಪಡಬೇಡಿ.

ಮೊದಲು ಡ್ಯಾಶ್‌ಕ್ಯಾಮ್, ಯುಎಸ್‌ಬಿ ಚಾರ್ಜರ್ ಎಲ್ಲ ಕಿತ್ತು ನೋಡಿ. ಅಗ್ಗದ ಚಾರ್ಜರ್‌ಗಳು ಸಿಗ್ನಲ್ ಕೆಡಿಸುವುದು ಜಾಸ್ತಿ. ಸರಿಹೋಗದಿದ್ದರೆ ಆಂಟೆನಾದ ಲೋಹದ ಪಟ್ಟಿ ಎಲ್ಲಿ ಅಂಟಿದೆ ನೋಡಿ. ಅದು ಗಾಜಿನ ಪಕ್ಕದ ಕಂಬದ ಪ್ಲಾಸ್ಟಿಕ್ ಕವರ್ ಒಳಗೆ, ಕಾರಿನ ಲೋಹಕ್ಕೇ ಅಂಟಬೇಕು. ಕವರ್ ಮೇಲೆ ಏರ್‌ಬ್ಯಾಗ್ ಅಂತ ಬರೆದಿದ್ದರೆ ದಯವಿಟ್ಟು ನೀವೇ ಬಿಚ್ಚಬೇಡಿ, ಫಿಟ್ಟರ್ ಹತ್ತಿರ ಮಾಡಿಸಿ. ಏರ್‌ಬ್ಯಾಗ್ ಮುಂದೆ ವೈರ್ ಹಾಯಿಸುವುದು ಅಪಾಯ.

ಮುಂದಿನ ಗಾಜಿನಲ್ಲಿ ಕೂದಲೆಳೆಯಂಥ ಹೀಟರ್ ತಂತಿಗಳಿವೆಯೇ? ಹಾಗಿದ್ದರೆ ಅಲ್ಲಿ ಆಂಟೆನಾ ಸರಿಯಾಗಿ ಕೆಲಸ ಮಾಡುವುದು ಕಷ್ಟ. ಚಾವಣಿಗೆ ಡಿಎಬಿ ಆಂಟೆನಾ ಹಾಕಿಸಿ. ಹಳೇ ಎಫ್‌ಎಂ ಆಂಟೆನಾಗೆ ಸುಮ್ನೆ ಜೋಡಿಸಿದರೆ ಸಾಲದು. ಎಫ್‌ಎಂ 108 ಮೆಗಾಹರ್ಟ್ಸ್‌ಗೆ ಮುಗಿಯುತ್ತದೆ, ಡಿಎಬಿ ಶುರುವಾಗುವುದೇ 174ರಿಂದ. ಕಾರು ನೋಡದೆ ಇವುಗಳಲ್ಲಿ ಕಾರಣ ಯಾವುದೆಂದು ಖಚಿತವಾಗಿ ಹೇಳಲಾರೆ, ಆದರೆ ಇದೇ ಕ್ರಮದಲ್ಲಿ ಹೋಗಿ. ಕೊನೆಗೆ ಕಾರನ್ನು ಬಯಲಲ್ಲಿ ನಿಲ್ಲಿಸಿ ಅಡಾಪ್ಟರ್‌ನಲ್ಲಿ ಸ್ಟೇಷನ್‌ಗಳ ಪೂರ್ತಿ ಸ್ಕ್ಯಾನ್ ಮಾಡಿ.